ವಿಂಡೋಸ್ 10 ಬಿಟ್ಟು 11ಕ್ಕೆ ಹೋಗಬೇಕೆ? ಒಂದು ಡಿಟಿಪಿ ಅಂಗಡಿ, ಎರಡು ಯಂತ್ರ

ಪ್ರಶ್ನೆ: ಹಿರೇಕೆರೂರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ ಹಾಕುವ ಕೆಲಸ. ಎರಡು ಯಂತ್ರ ಇವೆ. ಒಂದು 2016ರಲ್ಲಿ ಕೊಂಡ ಡೆಸ್ಕ್‌ಟಾಪ್: ಇಂಟೆಲ್ ಐ3, 6ನೇ ತಲೆಮಾರು, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಹೊಡೆಯುವ ನುಡಿ, 2004ರಿಂದ ಮಾಡಿದ ಡಿಟಿಪಿ ಫೈಲುಗಳೆಲ್ಲ ಅದರಲ್ಲೇ ಇವೆ. ಇನ್ನೊಂದು 2020ರ ಲ್ಯಾಪ್‌ಟಾಪ್: ಐ5, 10ನೇ ತಲೆಮಾರು, 8 ಜಿಬಿ, ಎಸ್‌ಎಸ್‌ಡಿ. ಟ್ಯಾಲಿ, ಬ್ಯಾಂಕಿನ ಕೆಲಸ, ಬೆರಳಚ್ಚು ತೆಗೆಯುವ ಸಾಧನ ಎಲ್ಲ ಇದಕ್ಕೆ. ಎರಡರಲ್ಲೂ ವಿಂಡೋಸ್ 10. ಅದರ ಕಾಲ ಮುಗಿಯಿತು, ಇನ್ನು ಯಂತ್ರ ನಿಂತುಹೋಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ರಿಪೇರಿಯವರೊಬ್ಬರು ಎರಡಕ್ಕೂ 11 ಹಾಕಿಕೊಡುತ್ತೇನೆ, ಡೆಸ್ಕ್‌ಟಾಪಿಗೆ ಮಾತ್ರ ‘ಬೈಪಾಸ್’ ಮಾಡಬೇಕಾಗುತ್ತದೆ ಎಂದಿದ್ದಾರೆ. ಕಾಲೇಜಿಗೆ ಹೋಗುವ ಮಗ ‘ಲಿನಕ್ಸ್ ಹಾಕ್ಸಪ್ಪಾ’ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಕೊಳ್ಳಿ, ಡೆಸ್ಕ್‌ಟಾಪಿಗೆ ಬೇಡ. ಬೈಪಾಸ್, ಅಂದರೆ ಯಂತ್ರಕ್ಕೆ ಅರ್ಹತೆ ಇದೆಯೇ ಎಂದು 11 ಮಾಡುವ ಪರೀಕ್ಷೆಯನ್ನು ತಪ್ಪಿಸಿ ಹಾಕುವುದು, ಬೇಡವೇ ಬೇಡ. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ ಎಂಬ ಮಗನ ಮಾತಿನಲ್ಲೂ ಹುರುಳಿದೆ, ಅದನ್ನು ಆಮೇಲೆ ನೋಡೋಣ. ಒಂದೇ ಅಂಗಡಿಯ ಎರಡು ಯಂತ್ರಕ್ಕೆ ಎರಡು ಉತ್ತರ ಕೊಡುತ್ತಿರುವುದು ಅವು ಮಾಡುವ ಕೆಲಸ ಬೇರೆಬೇರೆ ಎಂಬ ಕಾರಣಕ್ಕೆ. ಲ್ಯಾಪ್‌ಟಾಪ್ ದಿನವಿಡೀ ಇಂಟರ್ನೆಟ್ಟಿನಲ್ಲಿದ್ದು ಊರವರ ದುಡ್ಡು, ಆಧಾರ್ ಸಂಖ್ಯೆಗಳನ್ನು ಮುಟ್ಟುತ್ತದೆ. ಡೆಸ್ಕ್‌ಟಾಪ್ ನಿಮ್ಮ ಇಪ್ಪತ್ತು ವರ್ಷದ ಕನ್ನಡ ಅಕ್ಷರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ.

ಮೊದಲು ಯಂತ್ರ ನಿಂತುಹೋಗುತ್ತದೆ ಎಂಬ ಭಯ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಮುಗಿಸಿತು. ನಿಂತದ್ದು ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತಿದ್ದ ಭದ್ರತಾ ಅಪ್‌ಡೇಟುಗಳು. ಯಂತ್ರ ನಾಳೆಯೂ ಆನ್ ಆಗುತ್ತದೆ, ಪೇಜ್‌ಮೇಕರ್ ತೆರೆಯುತ್ತದೆ, ಪ್ರಿಂಟ್ ಬರುತ್ತದೆ.

ತೊಂದರೆ ಇರುವುದು ಕಣ್ಣಿಗೆ ಕಾಣದ ಕಡೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡಿನಲ್ಲಿ ಬಹಳಷ್ಟು ಒಂದೇ. 11ರಲ್ಲಿ ಒಂದು ತೂತು ಸಿಕ್ಕಿ ಅದಕ್ಕೆ ತೇಪೆ ಬಿಡುಗಡೆಯಾದ ಕೂಡಲೇ, ದಾಳಿ ಮಾಡುವವರು ತೇಪೆಗೆ ಮುಂಚಿನ ಫೈಲನ್ನೂ ನಂತರದ ಫೈಲನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನೋಡುತ್ತಾರೆ. ತೂತು ಎಲ್ಲಿತ್ತೆಂದು ತೇಪೆಯೇ ಅವರಿಗೆ ಹೇಳಿಕೊಡುತ್ತದೆ. ಅದೇ ತೂತು 10ರಲ್ಲೂ ಇದ್ದರೆ ಅಲ್ಲಿ ಮುಚ್ಚುವವರಿಲ್ಲ. ಹಾಗಾಗಿ ಬೆಂಬಲ ಮುಗಿದ ಮರುದಿನ ದೊಡ್ಡ ಅಪಾಯವೇನೂ ಇರುವುದಿಲ್ಲ. ತಿಂಗಳು ಕಳೆದಂತೆ ಅದು ಬೆಳೆಯುತ್ತ ಹೋಗುತ್ತದೆ.

2017ರ ಮೇ 12ರಂದು ಹರಡಿದ ವಾನಾಕ್ರೈ ನೆನಪಿರಬಹುದು. 150ಕ್ಕೂ ಹೆಚ್ಚು ದೇಶಗಳಲ್ಲಿ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ಹುಳು ಅದು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7. ಆಗ 7ಕ್ಕೆ ಬೆಂಬಲ ಇನ್ನೂ ಇತ್ತು, ತೇಪೆ ಹಾಕಿಕೊಳ್ಳದೆ ಬಿಟ್ಟಿದ್ದರು ಅಷ್ಟೆ. ಅಪ್‌ಡೇಟ್ ಇಲ್ಲದ ಯಂತ್ರ ಜಾಲದಲ್ಲಿದ್ದರೆ ಯಾರೂ ಏನೂ ಕ್ಲಿಕ್ ಮಾಡದಿದ್ದರೂ ಹುಳು ತಾನಾಗಿ ಬರಬಲ್ಲದು ಎಂದು ಆಗಲೇ ಕಂಡಾಗಿದೆ.

ಇನ್ನೊಂದು ಅನುಭವವೂ ನಮಗಿದೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದರೂ ಕ್ರೋಮ್ ಬ್ರೌಸರ್ ಮೂರು ವರ್ಷ ಅದರ ಜೊತೆಗಿತ್ತು. 2023ರ ಆರಂಭದಲ್ಲಿ 109ನೇ ಆವೃತ್ತಿಗೆ ಕೈಬಿಟ್ಟಿತು. ಒಂದೊಂದೇ ಜಾಲತಾಣ ತೆರೆಯದೆ ಹೋದದ್ದು ಆಮೇಲೆ. ನಿಮ್ಮಂಥ ಅಂಗಡಿಗೆ ಹಳೆಯ ವ್ಯವಸ್ಥೆ ಕೈಕೊಡುವುದು ಬ್ರೌಸರ್ ನಿಂತಾಗ. ವಿಂಡೋಸ್ 10ಕ್ಕೆ ಆ ಗಳಿಗೆ ಇನ್ನೂ ಬಂದಿಲ್ಲ. ಹಾಗಾಗಿ ಗಾಬರಿಬಿದ್ದು ಈ ವಾರವೇ ಹಣ ಸುರಿಯಬೇಕಾಗಿಲ್ಲ.

ಈಗ ಲ್ಯಾಪ್‌ಟಾಪ್. ವಿಂಡೋಸ್ 11 ಕೇಳುವುದು ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಈಚಿನದು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಎಂಬ ಭದ್ರತಾ ಚಿಪ್. ನಿಮ್ಮ ಐ5 ಇದನ್ನೆಲ್ಲ ದಾಟುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ 11 ಹಾಕಿಕೊಳ್ಳುವ ಆಹ್ವಾನ ಅಲ್ಲೇ ಕಾಣಬೇಕು. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ. ಇದಕ್ಕೆ ರಿಪೇರಿಯವರ ಅಗತ್ಯವೂ ಇಲ್ಲ.

ಅವರಿಂದಲೇ ಮಾಡಿಸುವುದಾದರೆ ಒಂದು ಮಾತು ಮೊದಲೇ ಹೇಳಿ: ಫಾರ್ಮ್ಯಾಟ್ ಮಾಡಬೇಡಿ, ಇದ್ದದ್ದರ ಮೇಲೇ ಅಪ್‌ಗ್ರೇಡ್ ಮಾಡಿ. ನಮ್ಮ ಕಡೆ ‘ವಿಂಡೋಸ್ ಹಾಕೋದು’ ಎಂದರೆ ಸಿ ಡ್ರೈವ್ ಒರೆಸಿ ಹೊಸದಾಗಿ ಹಾಕುವುದು ಎಂದೇ ರೂಢಿಯಾಗಿದೆ. ಮೇಲೇ ಅಪ್‌ಗ್ರೇಡ್ ಮಾಡಿದರೆ ನಿಮ್ಮ ಫೈಲು, ಟ್ಯಾಲಿ, ಪ್ರಿಂಟರ್ ಸೆಟ್ಟಿಂಗ್ ಹಾಗೇ ಉಳಿಯುತ್ತವೆ. ಒರೆಸಿ ಹಾಕಿದರೆ ಒಂದೊಂದನ್ನೂ ಮೊದಲಿನಿಂದ ಜೋಡಿಸಿಕೊಳ್ಳಬೇಕು. ಅದರ ಮೇಲೆ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಈಚಿನ ವಿಂಡೋಸ್ 11 ತಾನಾಗಿಯೇ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವುದುಂಟು. ಮುಂದೆ ಯಾವತ್ತೋ ಬಯೋಸ್, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ, ಬದಲಾದರೆ 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ಇರುವುದು ಯಾವ ಖಾತೆಯಿಂದ ಲಾಗಿನ್ ಆದರೋ ಆ ಖಾತೆಯಲ್ಲಿ. ರಿಪೇರಿಯವರು ತಮ್ಮ ಮೇಲ್ ಐಡಿ ಹಾಕಿ ಕೆಲಸ ಮುಗಿಸಿದ್ದರೆ ನಿಮ್ಮ ಡಿಸ್ಕಿನ ಕೀ ಅವರ ಖಾತೆಗೆ ಸೇರಿರುತ್ತದೆ. ಇಂಥ ಒಂದು ಲ್ಯಾಪ್‌ಟಾಪನ್ನು ನಾನೇ ನೋಡಿದ್ದೇನೆ. ಐಡಿ ಹಾಕಿದವರು ಊರು ಬಿಟ್ಟಿದ್ದರು, ಒಳಗಿದ್ದ ಮೂರು ವರ್ಷದ ಲೆಕ್ಕ ಸಿಗಲಿಲ್ಲ. ಖಾತೆ ನಿಮ್ಮದೇ ಆಗಿರಲಿ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ, ಇದ್ದರೆ ಕೀಯನ್ನು ಕಾಗದಕ್ಕೆ ಬರೆದು ಅಂಗಡಿಯ ಲೈಸೆನ್ಸ್ ಇಟ್ಟಿರುವ ಫೈಲಿನಲ್ಲಿಡಿ.

ಅಪ್‌ಗ್ರೇಡ್‌ಗೆ ಮುಂಚೆ ಬೇರೆ ಡಿಸ್ಕಿಗೆ ಎಲ್ಲದರ ಬ್ಯಾಕಪ್ ಆಗಲಿ. ಟ್ಯಾಲಿಯ ಡೇಟಾ ಬ್ಯಾಕಪ್ ಪ್ರತ್ಯೇಕವಾಗಿ ತೆಗೆಯಿರಿ. ಟ್ಯಾಲಿಯ ಲೈಸೆನ್ಸ್ ಯಂತ್ರಕ್ಕೆ ಅಂಟಿಕೊಂಡಿರುವುದರಿಂದ, ಅದನ್ನು ಒಳಗಿಂದಲೇ ಸರೆಂಡರ್ ಮಾಡಿ, 11 ಬಂದ ಮೇಲೆ ಮತ್ತೆ ಆಕ್ಟಿವೇಟ್ ಮಾಡಿಕೊಳ್ಳುವುದು ಕ್ಷೇಮ. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಹೆದರಬೇಡಿ. ಸಹಿ ಇರುವುದು ಟೋಕನ್ನಿನೊಳಗೆ, ಕಂಪ್ಯೂಟರಿನಲ್ಲಿರುವುದು ಅದರ ಡ್ರೈವರ್ ಮಾತ್ರ. ನೀವು ನಿಜವಾಗಿ ಮೊದಲೇ ವಿಚಾರಿಸಬೇಕಾದ್ದು ಬೆರಳಚ್ಚು ಸಾಧನದ ಬಗ್ಗೆ. ಅದು ಆಧಾರ್ ದೃಢೀಕರಣಕ್ಕೆ ಆರ್‌ಡಿ ಸರ್ವೀಸ್ ಎಂಬ ತಂತ್ರಾಂಶವನ್ನು ನೆಚ್ಚಿಕೊಂಡಿದೆ. ತಯಾರಕರ ತಾಣದಲ್ಲಿ ನಿಮ್ಮದೇ ಮಾದರಿಯ ಹೆಸರಿನ ಮುಂದೆ ವಿಂಡೋಸ್ 11 ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅಪ್‌ಗ್ರೇಡ್ ತಡೆದು ಮೊದಲು ಸಾಧನದ ದಾರಿ ನೋಡಿ. ಪ್ರಿಂಟರಿಗೂ ಸ್ಕ್ಯಾನರಿಗೂ ಇದೇ ಪರೀಕ್ಷೆ.

ದಿನ ಆರಿಸುವಾಗಲೂ ಸ್ವಲ್ಪ ಯೋಚಿಸಿ. 11 ಹಾಕಿಕೊಂಡ ಮೇಲೆ ಹತ್ತು ದಿನ ಮಾತ್ರ ಹಿಂದಕ್ಕೆ, ಅಂದರೆ 10ಕ್ಕೆ ಮರಳುವ ಅವಕಾಶ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಇರುತ್ತದೆ. ಆಮೇಲೆ ಹಳೆಯ ಫೈಲುಗಳನ್ನು ವಿಂಡೋಸ್ ಅಳಿಸಿಬಿಡುತ್ತದೆ. ಜಿಎಸ್‌ಟಿಯ ಮಾಸಿಕ ಗಡುವುಗಳು 11 ಮತ್ತು 20ನೇ ತಾರೀಖು, ತ್ರೈಮಾಸಿಕದವರದ್ದು ಅದರ ಆಚೀಚೆ. ಆದ್ದರಿಂದ 25ನೇ ತಾರೀಖಿನ ಸಂಜೆ ಶುರು ಮಾಡಿದರೆ ಹತ್ತು ದಿನ ಮುಂದಿನ ತಿಂಗಳ ಮೊದಲ ವಾರಕ್ಕೆ ಮುಗಿಯುತ್ತದೆ, ತೊಡಕಾದರೂ ಗಿರಾಕಿಗಳ ರಿಟರ್ನ್ ತಪ್ಪುವುದಿಲ್ಲ. ಆ ಹತ್ತು ದಿನದೊಳಗೆ ಅಂಗಡಿಯ ಪ್ರತಿಯೊಂದು ಕೆಲಸವನ್ನೂ ಒಮ್ಮೆಯಾದರೂ ನಿಜವಾಗಿ ಮಾಡಿ. ಒಬ್ಬರ ಬೆರಳಚ್ಚು ತೆಗೆಯಿರಿ, ಒಂದು ಪಹಣಿ ಪ್ರಿಂಟ್ ಮಾಡಿ, ಬ್ಯಾಂಕಿನಲ್ಲಿ ಒಂದು ವಹಿವಾಟು ಮಾಡಿ, ಡಿಜಿಟಲ್ ಸಹಿ ಇದ್ದರೆ ಒಮ್ಮೆ ಹಾಕಿ. ಎಲ್ಲ ಸರಿಯಾಗಿದೆ ಎಂದುಕೊಂಡು ಸುಮ್ಮನಿದ್ದು, ಹನ್ನೆರಡನೇ ದಿನ ಸ್ಕ್ಯಾನರ್ ಓಡುತ್ತಿಲ್ಲ ಎಂದು ಕಂಡುಕೊಳ್ಳುವವರೇ ಹೆಚ್ಚು.

ಹೊಸ ರೂಪಕ್ಕೆ ಕೈ ಒಗ್ಗಲು ಒಂದು ವಾರ ಸಾಕು. ಸ್ಟಾರ್ಟ್ ಬಟನ್ ನಡುವೆ ಬಂದಿರುತ್ತದೆ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಎಡಕ್ಕೆ ತರಬಹುದು.

ಇನ್ನು ಡೆಸ್ಕ್‌ಟಾಪ್. 6ನೇ ತಲೆಮಾರಿನ ಐ3 ಮೈಕ್ರೋಸಾಫ್ಟಿನ ಪಟ್ಟಿಯಲ್ಲಿಲ್ಲ. ಬಯೋಸ್‌ನಲ್ಲಿ ಟಿಪಿಎಂ ಆನ್ ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇಲ್ಲಿ ಅಡ್ಡಿ ಪ್ರೊಸೆಸರಿನದೇ. ಇದಕ್ಕೆ ತಾಂತ್ರಿಕ ಕಾರಣವೂ ಇದೆ. ವಿಂಡೋಸ್ 11ರಲ್ಲಿ ಕೆಟ್ಟ ಡ್ರೈವರುಗಳು ವ್ಯವಸ್ಥೆಯ ಗರ್ಭಕ್ಕೆ ನುಗ್ಗದಂತೆ ತಡೆಯುವ ಮೆಮೊರಿ ಇಂಟೆಗ್ರಿಟಿ ಎಂಬ ಕಾವಲಿದೆ. ಅದಕ್ಕೆ ಬೇಕಾದ ಹಾರ್ಡ್‌ವೇರ್ ನೆರವು ಇಂಟೆಲ್‌ನಲ್ಲಿ 7ನೇ ತಲೆಮಾರಿನಿಂದ ಶುರುವಾಯಿತು. ನಿಮ್ಮದರಲ್ಲಿ ಆ ಕೆಲಸವನ್ನು ತಂತ್ರಾಂಶವೇ ಹೊರಬೇಕು, ಯಂತ್ರ ಏದುಸಿರು ಬಿಡುತ್ತದೆ.

ಬೈಪಾಸ್ ಮಾಡಿದರೆ 11 ಕೂರುತ್ತದೆ, ಓಡುತ್ತದೆ ಕೂಡ. ರಿಪೇರಿಯವರು ಸುಳ್ಳು ಹೇಳುತ್ತಿಲ್ಲ. ಆದರೂ ನಾನು ಬೇಡ ಎನ್ನುವುದಕ್ಕೆ ಕಾರಣ ಮುಂದಿನ ದಿನಗಳದ್ದು. ಹೋಮ್, ಪ್ರೊ ಎರಡರಲ್ಲೂ 11ರ ಒಂದೊಂದು ಆವೃತ್ತಿಗೆ ಬೆಂಬಲ ಎರಡೇ ವರ್ಷ. 23ಎಚ್2 ಆವೃತ್ತಿಯದ್ದು 2025ರ ನವೆಂಬರ್ 11ಕ್ಕೆ ಮುಗಿಯಿತು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲವೂ ಮತ್ತೆ ಬೈಪಾಸ್ ಮಾಡಿಸಬೇಕು. ಇಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನಗಿಲ್ಲ ಎಂದು ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. 24ಎಚ್2 ಬಂದಾಗ ಕೋರ್ 2 ಡ್ಯುಯೋ ಕಾಲದ ಯಂತ್ರಗಳಿಗೆ ಯಾವ ಬೈಪಾಸೂ ನಡೆಯದ ಹಾಗಾಯಿತು, ಆ ಪ್ರೊಸೆಸರುಗಳಲ್ಲಿ ಇಲ್ಲದ ಸೂಚನೆಗಳನ್ನು ವಿಂಡೋಸ್ ಕೇಳತೊಡಗಿತು. ನಿಮ್ಮ ಐ3ಗೆ ಅದು ಯಾವಾಗ ಬರುತ್ತದೋ ಯಾರೂ ಹೇಳಲಾರರು. ದುಡಿಯುವ ಯಂತ್ರವನ್ನು ಅಂಥ ಅನಿಶ್ಚಯದ ಮೇಲೆ ನಿಲ್ಲಿಸಬಾರದು. ಅದೂ 4 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕಿನ ಮೇಲೆ 11 ಹಾಕಿದರೆ, ಗಿರಾಕಿ ಎದುರು ನಿಂತಿರುವಾಗ ಒಂದು ಫೈಲು ತೆರೆಯಲು ಕಾಯುವುದೇ ಕೆಲಸವಾಗುತ್ತದೆ.

ವಿಂಡೋಸ್ 10ಕ್ಕೇ ಇನ್ನಷ್ಟು ದಿನ ಭದ್ರತಾ ಅಪ್‌ಡೇಟ್ ಪಡೆಯುವ ಇಎಸ್‌ಯು ಯೋಜನೆಯ ಬಗ್ಗೆಯೂ ಕೇಳಿರುತ್ತೀರಿ. ಮನೆಬಳಕೆಯ ಯಂತ್ರಗಳಿಗೆ ಅದು 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಯಂತ್ರದ ಸೆಟ್ಟಿಂಗುಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಿದರೆ ಉಚಿತ, ಇಲ್ಲವಾದರೆ 30 ಡಾಲರ್. ಮನೆಯಲ್ಲಿ ಹಳೆಯ ಯಂತ್ರ ಇಟ್ಟುಕೊಂಡಿರುವ ಓದುಗರು ಇದನ್ನು ಖಂಡಿತ ಬಳಸಿಕೊಳ್ಳಲಿ. ವ್ಯಾಪಾರದ ಯಂತ್ರಗಳಿಗೆ ಬೇರೆ ಯೋಜನೆ. ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ವರ್ಷ ವರ್ಷ ಅದು ಇಮ್ಮಡಿಯಾಗುತ್ತದೆ. ಹತ್ತು ವರ್ಷದ ಐ3ಗೆ ಆ ಹಣ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಸಲಹೆ ಇದು: ಡೆಸ್ಕ್‌ಟಾಪಿನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಡಾಂಗಲ್ ತೆಗೆದಿಡಿ. ಇನ್ನು ಮುಂದೆ ಅದು ಪೇಜ್‌ಮೇಕರ್, ನುಡಿ, ಪ್ರಿಂಟ್ ಇಷ್ಟಕ್ಕೆ ಮಾತ್ರ. ಜಾಲಕ್ಕೇ ತಾಗದ ಯಂತ್ರಕ್ಕೆ ಜಾಲದಿಂದ ಬರುವ ಹುಳು ತಾಗುವುದಿಲ್ಲ. ಉಳಿಯುವ ದಾರಿ ಪೆನ್‌ಡ್ರೈವ್, ಮತ್ತು ಡಿಟಿಪಿ ಅಂಗಡಿಗಳಲ್ಲಿ ವೈರಸ್ ಹೆಚ್ಚಾಗಿ ಬರುವುದು ಅದರಿಂದಲೇ. ಗಿರಾಕಿಯ ಪೆನ್‌ಡ್ರೈವ್ ಯಾವತ್ತೂ ಡೆಸ್ಕ್‌ಟಾಪಿಗೆ ಹೋಗದಿರಲಿ. ಮೊದಲು ಲ್ಯಾಪ್‌ಟಾಪಿಗೆ ಹಾಕಿ ಸ್ಕ್ಯಾನ್ ಮಾಡಿ, ಬೇಕಾದ ಫೈಲನ್ನು ಮಾತ್ರ ಅಂಗಡಿಯದೇ ಒಂದು ಪೆನ್‌ಡ್ರೈವಿನಲ್ಲಿ ದಾಟಿಸಿ.

ಅದೇ ಹೊತ್ತಿನಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಆನ್‌ಲೈನ್ ಕೆಲಸ ಮಾಡುವ ಅಂಗಡಿಗಳಲ್ಲಿ ಆ ಫೋಲ್ಡರಿನಲ್ಲಿ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರಗಳ ಪ್ರತಿಗಳು ರಾಶಿ ಬಿದ್ದಿರುತ್ತವೆ. ಜನ ನಿಮ್ಮನ್ನು ನಂಬಿ ಕೊಟ್ಟವು. ಕೆಲಸ ಮುಗಿದದ್ದನ್ನೆಲ್ಲ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಹೊಸ ವಿಂಡೋಸ್ ಹಾಕಿದ್ದಕ್ಕಿಂತ ಹೆಚ್ಚಿನ ರಕ್ಷಣೆ ಊರವರಿಗೆ ಇದರಿಂದ ಸಿಗುತ್ತದೆ.

ಯಂತ್ರದಲ್ಲಿರುವುದು ನಕಲಿ ವಿಂಡೋಸ್ ಆಗಿದ್ದರೆ ಅದನ್ನೂ ಹೇಳಿಬಿಡುತ್ತೇನೆ. ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡಿಕೊಡುವ ಪುಟ್ಟ ತಂತ್ರಾಂಶಗಳನ್ನು ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡಬೇಕು ಎನ್ನುತ್ತಾರಲ್ಲ, ಅಲ್ಲೇ ಬಾಗಿಲು ತೆರೆದಂತಾಯಿತು. ಬ್ಯಾಂಕಿನ ಕೆಲಸ ಮಾಡುವ ಲ್ಯಾಪ್‌ಟಾಪಿನಲ್ಲಿ ಅಂಥದ್ದು ಇರಲೇಬಾರದು.

ಡೆಸ್ಕ್‌ಟಾಪಿನಲ್ಲಿ ನನಗೆ ವಿಂಡೋಸ್‌ಗಿಂತ ಹೆಚ್ಚು ಹೆದರಿಕೆ ಆ ಹಾರ್ಡ್ ಡಿಸ್ಕಿನದು. 2016ರಿಂದ ಸುತ್ತುತ್ತಿರುವ ಡಿಸ್ಕು, ಯಾವ ಬೆಳಗ್ಗೆಯಾದರೂ ಏಳದೆ ಹೋಗಬಹುದು. ಸುತ್ತುವ ಭಾಗವೇ ಇಲ್ಲದ ಒಂದು ಸಾಟಾ ಎಸ್‌ಎಸ್‌ಡಿ ತಂದು ಇಡೀ ಡಿಸ್ಕನ್ನು ಅದಕ್ಕೆ ಕ್ಲೋನ್ ಮಾಡಿಸಿ. ಕ್ಲೋನ್ ಮಾಡಿದರೆ ಪೇಜ್‌ಮೇಕರ್, ನುಡಿ, ಫಾಂಟುಗಳು ಇದ್ದದ್ದು ಇದ್ದ ಹಾಗೇ ಬರುತ್ತವೆ, ಏನನ್ನೂ ಮತ್ತೆ ಹಾಕಬೇಕಾಗಿಲ್ಲ. ರಿಪೇರಿಯವರಿಗೆ ಬೈಪಾಸ್ ಬದಲು ಈ ಕೆಲಸ ಕೊಡಿ.

ಇನ್ನು ಆ ಫೈಲುಗಳ ವಿಷಯ. ಇಡೀ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಭಾಗ ಇದೇ. ಹಳೆಯ ನುಡಿ ಫಾಂಟಿನಲ್ಲಿ ನೀವು ‘ಕನ್ನಡ’ ಎಂದು ಹೊಡೆದಾಗ ಫೈಲಿನೊಳಗೆ ಕನ್ನಡ ಅಕ್ಷರ ಸೇರಿರುವುದೇ ಇಲ್ಲ. ಅಲ್ಲಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಗುರುತು, ಮತ್ತೆ ಆ ಎ, ಜರ್ಮನರ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಆ ಗುರುತುಗಳಿಗೆ ಕನ್ನಡದ ಚಿತ್ರ ತೊಡಿಸುವುದು ಫಾಂಟು. ಫಾಂಟು ಇಲ್ಲದ ಯಂತ್ರಕ್ಕೆ ಹೋದರೆ ವೇಷ ಕಳಚಿ ಗುರುತುಗಳಷ್ಟೇ ಉಳಿಯುತ್ತವೆ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವುದರಿಂದ ಯಾವ ಯಂತ್ರದಲ್ಲಿ ತೆರೆದರೂ ಕನ್ನಡ ಕನ್ನಡವೇ. 2001ರ 7ನೇ ಆವೃತ್ತಿಗೆ ನಿಂತುಹೋದ ಪೇಜ್‌ಮೇಕರಿಗೆ ಯೂನಿಕೋಡ್ ಬಾರದು. ಹಾಗಾಗಿ ನಿಮ್ಮ ಎರಡು ದಶಕದ ಕೆಲಸ ಒಂದು ಸತ್ತ ತಂತ್ರಾಂಶ ಮತ್ತು ಒಂದು ಗುಂಪು ಫಾಂಟಿನ ಮೇಲೆ ನಿಂತಿದೆ.

ಕೆಲವು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಿಡಿ ತಂದು ಮುಂದಿಟ್ಟರು. ತಮ್ಮ ಸೀಮೆಯ ಬೀಸುವ ಪದ, ಸೋಬಾನೆ ಪದಗಳನ್ನು ವರ್ಷಗಟ್ಟಲೆ ಹಳ್ಳಿ ಹಳ್ಳಿ ತಿರುಗಿ ಬರೆದುಕೊಂಡು ಡಿಟಿಪಿ ಮಾಡಿಸಿದ್ದರು. ಪುಸ್ತಕ ಆಗಲಿಲ್ಲ, ಕೈಬರಹ ಗೆದ್ದಲು ಹಿಡಿಯಿತು, ಅಂಗಡಿಯವರು ಯಂತ್ರ ಬದಲಿಸಿದರು. ಹಾಡಿದ ಅಜ್ಜಿಯರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು. ಸಿಡಿ ತೆರೆದರೆ ಬರೀ ಪೌಂಡ್ ಗುರುತು. ಯಾವ ಕಂಪನಿಯ ಫಾಂಟೆಂದು ಯಾರಿಗೂ ನೆನಪಿಲ್ಲ. ಹಳೆಯ ಫಾಂಟಿನ ಗುರುತುಗಳನ್ನು ಯೂನಿಕೋಡ್ ಮಾಡುವ ಮೂರು ಬಗೆಯ ಪರಿವರ್ತಕದಲ್ಲಿ ಹಾಕಿ ನೋಡಿದ ಮೇಲೆ ಮೊದಲ ಸಾಲು ಕನ್ನಡವಾಗಿ ಬಂತು. ಮೇಷ್ಟ್ರು ಆ ಸಾಲನ್ನು ಓದಲಿಲ್ಲ, ಹಾಡಿದರು.

ಆದ್ದರಿಂದ ಡೆಸ್ಕ್‌ಟಾಪ್ ಆರೋಗ್ಯವಾಗಿರುವಾಗಲೇ ಈ ಕೆಲಸ ಶುರು ಮಾಡಿ. ಮುಖ್ಯವಾದ ಫೈಲನ್ನೆಲ್ಲ ಮೊದಲು ಪಿಡಿಎಫ್ ಮಾಡಿ, ಪುಟದ ರೂಪವಾದರೂ ಉಳಿಯುತ್ತದೆ. ಬಳಿಕ ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ. ನುಡಿಯ ಸಂಕೇತಕ್ಕೂ ಶ್ರೀಲಿಪಿ, ಆಕೃತಿ ಎಂಬ ಬೇರೆ ಕನ್ನಡ ತಂತ್ರಾಂಶಗಳ ಸಂಕೇತಕ್ಕೂ ವ್ಯತ್ಯಾಸವಿದೆ, ಫಾಂಟಿನ ಹೆಸರು ನೋಡಿಕೊಂಡು ಪರಿವರ್ತಕ ಆರಿಸಿ. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡವೆಂದೇ ತಿಳಿದು ಪರಿವರ್ತಕ ಅದನ್ನು ಅರ್ಥವಿಲ್ಲದ ಅಕ್ಷರ ಮಾಡುತ್ತದೆ, ಮಿಂಚಂಚೆ ವಿಳಾಸಗಳು ಹೀಗೇ ಕೆಡುತ್ತವೆ. ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ಲಗ್ನಪತ್ರಿಕೆಗಳನ್ನೆಲ್ಲ ಪರಿವರ್ತಿಸುವ ಅಗತ್ಯವಿಲ್ಲ. ಸಹಕಾರ ಸಂಘದ ಬೈಲಾ, ಶಾಲೆಯ ಸ್ಮರಣ ಸಂಚಿಕೆ, ದೇವಸ್ಥಾನದ ಚರಿತ್ರೆ, ಯಾರೋ ಬರೆಸಿದ ವಂಶಾವಳಿ, ಕವನಗಳು, ಇಂಥವು ಮೊದಲು. ಅವುಗಳ ಬೇರೆ ಪ್ರತಿ ಎಲ್ಲೂ ಇರಲಿಕ್ಕಿಲ್ಲ.

ಹೊಸ ಕೆಲಸವನ್ನಾದರೂ ಇವತ್ತಿನಿಂದಲೇ ಯೂನಿಕೋಡಿನಲ್ಲಿ ಮಾಡಿ. ಹಣ ಕೊಡುವುದಾದರೆ ಇನ್‌ಡಿಸೈನ್ ಇದೆ, ಉಚಿತವಾಗಿ ಬೇಕಾದರೆ ಸ್ಕ್ರೈಬಸ್‌ನ ಈಚಿನ ಆವೃತ್ತಿಗಳು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತವೆ. ಲ್ಯಾಪ್‌ಟಾಪಿನಲ್ಲಿ ತುಂಗಾ ಫಾಂಟಿನ ಹಳೆಯ ಕಡತಗಳು ರೂಪಗೆಟ್ಟು ಕಂಡರೆ ಗಾಬರಿಯಾಗಬೇಡಿ. ಈಗ ತುಂಗಾ ವಿಂಡೋಸ್ ಜೊತೆ ತಾನಾಗಿ ಬರುವುದಿಲ್ಲ, ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಂಡರೆ ಬರುತ್ತದೆ.

ಮಗನ ಲಿನಕ್ಸ್: ಟ್ಯಾಲಿ, ಪೇಜ್‌ಮೇಕರ್ ವಿಂಡೋಸ್‌ಗೆಂದೇ ಬರೆದವು, ಆದ್ದರಿಂದ ಅಂಗಡಿಯನ್ನೇ ಲಿನಕ್ಸಿಗೆ ಒಯ್ಯಲಾಗದು. ಆದರೆ ಡೆಸ್ಕ್‌ಟಾಪಿನಲ್ಲಿ ಇಂಟರ್ನೆಟ್ ಬೇಕೇಬೇಕು ಎನ್ನುವುದಾದರೆ ಅವನು ಹೇಳಿದ್ದೇ ಸರಿಯಾದ ದಾರಿ. ಇನ್ನೊಂದು ಚಿಕ್ಕ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮಿಂಟ್ 22 ಹಾಕಲಿ, ಅದಕ್ಕೆ 2029ರವರೆಗೆ ಬೆಂಬಲವಿದೆ. ಜಾಲಕ್ಕೆ ಹೋಗುವುದು ಲಿನಕ್ಸಿನಿಂದ ಮಾತ್ರ ಎಂಬ ನಿಯಮ ಇಟ್ಟುಕೊಳ್ಳಿ, ವಿಂಡೋಸ್‌ನಲ್ಲಿ ನೆಟ್‌ವರ್ಕನ್ನು ಡಿಸೇಬಲ್ ಮಾಡಿಡಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅಲ್ಲಿ ತೊಂದರೆಯಿಲ್ಲ, ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಮೊದಲೇ ಇದೆ. ಮೊದಲು ಅವನು ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ ತೋರಿಸಲಿ, ಡಿಸ್ಕನ್ನು ಮುಟ್ಟದೆ ಅದು ಓಡುತ್ತದೆ. ನಿಮ್ಮ ಪ್ರಿಂಟರ್ ಅಲ್ಲಿ ಹಾಳೆ ಹೊರಹಾಕುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಹೊಸ ಯಂತ್ರ ಕೊಳ್ಳುವ ಕಾಲ ಬಂದಾಗ ಹೊಚ್ಚಹೊಸದೇ ಬೇಕೆಂದಿಲ್ಲ. ಕಂಪನಿಗಳು ಬಳಸಿ ಬಿಟ್ಟ, ರಿಪೇರಿ ಮಾಡಿ ಮಾರುವ ಡೆಸ್ಕ್‌ಟಾಪುಗಳು ಡಿಟಿಪಿ ಕೆಲಸಕ್ಕೆ ಧಾರಾಳ ಸಾಕು. ಇಂಟೆಲ್ ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ವಿಂಡೋಸ್ 11 ಇದೆ ಎಂದಷ್ಟೇ ಹೇಳಿದರೆ ಒಪ್ಪಬೇಡಿ, ಅದೂ ಬೈಪಾಸಿನದೇ ಆಗಿರಬಹುದು. ಪ್ರೊಸೆಸರಿನ ಪೂರ್ತಿ ಹೆಸರು ಮತ್ತು ಆಕ್ಟಿವೇಶನ್ ಪುಟ ತೋರಿಸಲು ಹೇಳಿ. ಹೋಗುವಾಗ ನಿಮ್ಮ ಪ್ರಿಂಟರ್ ಮತ್ತು ಬೆರಳಚ್ಚು ಸಾಧನ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲ್ಲೇ ಜೋಡಿಸಿ, ನಿಮ್ಮದೇ ಬೆರಳಿಟ್ಟು, ಒಂದು ಹಾಳೆ ಪ್ರಿಂಟ್ ತೆಗೆದ ಮೇಲೆ ಹಣ ಕೊಡಿ.